ಮಕ್ಕಳ ವಿಷಯದಲ್ಲಿ ಎಲ್ಲಿ ಬಿಗಿ, ಎಲ್ಲಿ ಸಡಿಲ?

ಪ್ರಶ್ನೆ: ನನಗೆ ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ. ಇಬ್ಬರನ್ನೂ ಚೆನ್ನಾಗಿ ಬೆಳೆಸಬೇಕೆಂಬ ಆಸೆಯಿಂದಲೇ ಎಲ್ಲವನ್ನೂ ಮಾಡುತ್ತಿದ್ದೇನೆ. ಆದರೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ನನ್ನ ಬಾಯಿಂದ ಬರುವುದು ‘ಬೇಗ, ಬೇಗ’ ಎಂಬ ಮಾತೊಂದೇ. ಮಗಳಿಗೆ ವಾರದಲ್ಲಿ ನಾಲ್ಕು ಸಂಜೆ ಒಂದಲ್ಲ ಒಂದು ತರಗತಿ ಇರುತ್ತದೆ. ಹೋಂವರ್ಕ್ ಮಾಡುವಾಗ ಪಕ್ಕದಲ್ಲೇ ಕೂರುತ್ತೇನೆ, ತಪ್ಪಿದರೆ ಗದರುತ್ತೇನೆ. ಮಗ ಹಟ ಹಿಡಿದು ನೆಲದ ಮೇಲೆ ಬಿದ್ದು ಅತ್ತರೆ ಮೊದಲು ಬೈದು, ಕೊನೆಗೆ ಸಾಕಾಗಿ ಅವನು ಕೇಳಿದ್ದನ್ನು ಕೊಟ್ಟುಬಿಡುತ್ತೇನೆ. ಇಬ್ಬರೂ ಮಲಗಿದ ಮೇಲೆ ಪಶ್ಚಾತ್ತಾಪ ಕಾಡುತ್ತದೆ. ‘ನೀನು ಸ್ವಲ್ಪ ನಿರಾಳವಾಗಿರು, ಮಕ್ಕಳು ತಾವಾಗಿಯೇ ಬೆಳೆಯುತ್ತಾರೆ’ ಎನ್ನುತ್ತಾರೆ ನನ್ನ ಪತಿ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಮಾತನ್ನು ಕೇಳಿಕೊಂಡೇ ಬೆಳೆದ ನನಗೆ, ಸಡಿಲ ಬಿಟ್ಟರೆ ಮಕ್ಕಳು ಕೈಮೀರಿ ಹೋಗುತ್ತಾರೆಂಬ ಭಯ. ನಮ್ಮಿಬ್ಬರಲ್ಲಿ ಯಾರ ಮಾತು ಸರಿ? ಮಕ್ಕಳು ಸಂತೋಷವಾಗಿ ಬೆಳೆಯಬೇಕಾದರೆ ನಾನು ಏನನ್ನು ಬಿಡಬೇಕು, ಏನನ್ನು ಹಿಡಿದುಕೊಳ್ಳಬೇಕು?

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲೇ ಉತ್ತರದ ಅರ್ಧ ಭಾಗ ಇದೆ. ಏನನ್ನು ಬಿಡಬೇಕು, ಏನನ್ನು ಹಿಡಿದುಕೊಳ್ಳಬೇಕು ಎಂದು ವಿಂಗಡಿಸಿಕೊಳ್ಳುವುದೇ ನಿರಾಳವಾದ ಪಾಲನೆಯ ಮೊದಲ ಕೆಲಸ. ಎಲ್ಲವನ್ನೂ ಬಿಗಿಹಿಡಿದ ತಂದೆ ತಾಯಿ ದಣಿಯುತ್ತಾರೆ. ಎಲ್ಲವನ್ನೂ ಬಿಟ್ಟವರ ಮಕ್ಕಳು ದಿಕ್ಕು ತೋಚದೆ ಕಂಗೆಡುತ್ತಾರೆ. ನಿಮ್ಮ ಪತ್ರವನ್ನು ಓದಿದರೆ, ನಿಮ್ಮ ಪತಿ ಹೇಳುತ್ತಿರುವ ನಿರಾಳತೆಯೂ ನೀವು ಹೆದರುತ್ತಿರುವ ಸಡಿಲತೆಯೂ ಒಂದೇ ಎಂದು ನೀವಿಬ್ಬರೂ ಭಾವಿಸಿರುವಂತೆ ಕಾಣುತ್ತದೆ. ಜಗಳ ಹುಟ್ಟುತ್ತಿರುವುದು ಅಲ್ಲಿ. ಮಕ್ಕಳಿಗೆ ಎಷ್ಟು ನಿಯಮಗಳಿರಬೇಕು ಎಂಬುದು ಒಂದು ವಿಷಯ, ಆ ನಿಯಮಗಳನ್ನು ಪಾಲಿಸುವಂತೆ ಮಾಡುವಾಗ ನಮ್ಮ ಮನಸ್ಸು ಎಷ್ಟು ಶಾಂತವಾಗಿರುತ್ತದೆ ಎಂಬುದು ಇನ್ನೊಂದು ವಿಷಯ.

ಪಾಲನೆಯ ಶೈಲಿಗಳ ಬಗ್ಗೆ ಇಂದು ಬಳಕೆಯಲ್ಲಿರುವ ವಿಂಗಡಣೆ 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯಲ್ಲಿ ಸಂಶೋಧನೆ ನಡೆಸಿದ ಮನೋವಿಜ್ಞಾನಿ ಡಯಾನಾ ಬಾಮ್‌ರಿಂಡ್ ಅವರಿಂದ ಬಂದದ್ದು. ‘ನಾನು ಹೇಳಿದ್ದೇ ಆಗಬೇಕು, ಕಾರಣ ಕೇಳಬೇಡ’ ಎನ್ನುವ ಪೋಷಕರು ಒಂದು ಬಗೆ; ಮಗು ಬಯಸಿದ್ದಕ್ಕೆಲ್ಲ ಒಪ್ಪುವವರು ಇನ್ನೊಂದು ಬಗೆ; ನಿಯಮಗಳಲ್ಲಿ ದೃಢವಾಗಿದ್ದು, ಅವುಗಳ ಕಾರಣವನ್ನು ವಿವರಿಸುತ್ತ, ಮಗುವಿನ ಮಾತಿಗೂ ಕಿವಿಗೊಡುವವರು ಮೂರನೆಯ ಬಗೆ. 1983ರಲ್ಲಿ ಎಲಿನರ್ ಮ್ಯಾಕೋಬಿ ಮತ್ತು ಜಾನ್ ಮಾರ್ಟಿನ್ ಇದನ್ನೇ ಎರಡು ಅಳತೆಗಳಾಗಿ ಬಿಡಿಸಿದರು. ಮಗುವಿಗೆ ದೊರೆಯುವ ಅಕ್ಕರೆ ಮತ್ತು ಸ್ಪಂದನ ಒಂದು ಅಳತೆ, ಮಗುವಿನಿಂದ ಇಟ್ಟುಕೊಳ್ಳುವ ನಿರೀಕ್ಷೆ ಮತ್ತು ಶಿಸ್ತು ಮತ್ತೊಂದು. ಎರಡೂ ಇಲ್ಲದ, ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡುವ ನಾಲ್ಕನೆಯ ಬಗೆಯೊಂದೂ ಆಗ ಪಟ್ಟಿಗೆ ಸೇರಿತು. ನಂತರದ ದಶಕಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಒಳ್ಳೆಯ ಪರಿಣಾಮದೊಂದಿಗೆ ಕಾಣಿಸಿಕೊಂಡದ್ದು ಮೂರನೆಯ ಬಗೆಯೇ, ಅಂದರೆ ಅಕ್ಕರೆಯೂ ನಿರೀಕ್ಷೆಯೂ ಎರಡೂ ಇರುವ ಮನೆ. ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಇವು ಹೆಚ್ಚಾಗಿ ಜೊತೆಜೊತೆಗೆ ಕಂಡುಬಂದ ಸಂಗತಿಗಳನ್ನು ದಾಖಲಿಸಿದ ಅಧ್ಯಯನಗಳು. ಸೌಮ್ಯ ಸ್ವಭಾವದ ಮಗುವಿನ ಜೊತೆ ಶಾಂತವಾಗಿರುವುದು ಯಾರಿಗಾದರೂ ಸುಲಭವಾದ್ದರಿಂದ, ಪೋಷಕರು ಮಗುವನ್ನು ರೂಪಿಸುವಂತೆ ಮಗುವೂ ಪೋಷಕರನ್ನು ರೂಪಿಸುತ್ತಿರುತ್ತದೆ.

ಈ ಅಳತೆಗಳಲ್ಲಿ ನಿಮ್ಮ ಮನೆಯನ್ನು ನೋಡಿದರೆ, ನೀವು ಮಗಳ ವಿಷಯದಲ್ಲಿ ಮೊದಲ ಬಗೆಯವರು, ಮಗನ ವಿಷಯದಲ್ಲಿ ದಿನದ ಕೊನೆಯ ಹೊತ್ತಿಗೆ ಎರಡನೆಯ ಬಗೆಯವರು. ಇದು ಬಹುಪಾಲು ಮನೆಗಳ ಕಥೆ. ಬಿಗಿ ಅತಿಯಾದಾಗ ಪೋಷಕರ ಶಕ್ತಿ ಮುಗಿಯುತ್ತದೆ, ಶಕ್ತಿ ಮುಗಿದಾಗ ಸಡಿಲವಾಗುತ್ತದೆ, ಸಡಿಲವಾದದ್ದಕ್ಕೆ ಪಶ್ಚಾತ್ತಾಪಪಟ್ಟು ಮರುದಿನ ಮತ್ತಷ್ಟು ಬಿಗಿ ಮಾಡುತ್ತಾರೆ. ಮಗುವಿಗೆ ಕಷ್ಟವಾಗುವುದು ಈ ಓಲಾಟ. ನಿನ್ನೆ ಒಪ್ಪಿಗೆಯಾದದ್ದು ಇಂದು ತಪ್ಪು ಎನ್ನಿಸಿಕೊಂಡರೆ, ಅದು ನಿಯಮವನ್ನು ಗಮನಿಸುವುದನ್ನು ಬಿಟ್ಟು ಅಮ್ಮನ ಮುಖವನ್ನು ಗಮನಿಸಲು ಕಲಿಯುತ್ತದೆ.

ಆದ್ದರಿಂದ ಹಿಡಿದುಕೊಳ್ಳಬೇಕಾದವುಗಳ ಪಟ್ಟಿಯನ್ನು ಆದಷ್ಟು ಚಿಕ್ಕದಾಗಿಸಿಕೊಳ್ಳಿ, ಆದರೆ ಅದರಲ್ಲಿರುವುದನ್ನು ನಿಜವಾಗಿ ಹಿಡಿದುಕೊಳ್ಳಿ. ನನ್ನ ಪ್ರಕಾರ ಆ ಪಟ್ಟಿಯಲ್ಲಿ ಇರಬೇಕಾದವು ಜೀವಕ್ಕೆ ಅಪಾಯ ತರುವ ಸಂಗತಿಗಳು, ಇನ್ನೊಬ್ಬರನ್ನು ಹೊಡೆಯುವುದು ಮತ್ತು ಅವಮಾನಿಸುವುದು, ನಿದ್ರೆಯ ಸಮಯ, ಶಾಲೆಗೆ ಹೋಗುವುದು ಮತ್ತು ಪರದೆಯ ಮುಂದೆ ಕಳೆಯುವ ಹೊತ್ತಿಗೆ ಒಂದು ಮಿತಿ. ನಿದ್ರೆಯನ್ನು ಬೇಕೆಂದೇ ಸೇರಿಸಿದ್ದೇನೆ. ಅಮೆರಿಕದ ನಿದ್ರಾ ವೈದ್ಯಶಾಸ್ತ್ರ ಅಕಾಡೆಮಿ 2016ರಲ್ಲಿ ಹೊರಡಿಸಿದ ಶಿಫಾರಸಿನಂತೆ ಮೂರರಿಂದ ಐದು ವರ್ಷದ ಮಕ್ಕಳಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 10ರಿಂದ 13 ಗಂಟೆ, ಆರರಿಂದ ಹನ್ನೆರಡು ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕು. ವಾರದಲ್ಲಿ ನಾಲ್ಕು ಸಂಜೆ ತರಗತಿ ಮುಗಿಸಿ ಬಂದು, ಹೋಂವರ್ಕ್ ಮಾಡಿ, ಊಟ ಮುಗಿಸುವ ನಿಮ್ಮ ಮಗಳಿಗೆ ಇಷ್ಟು ನಿದ್ದೆ ಸಿಗುತ್ತಿದೆಯೇ ಎಂದು ಒಂದು ವಾರ ಬರೆದಿಟ್ಟು ನೋಡಿ. ಹಟಮಾರಿತನ, ಮರೆವು, ಸಿಡುಕು ಎಂದು ನಾವು ಹೆಸರಿಡುವ ಎಷ್ಟೋ ನಡವಳಿಕೆಗಳು ಕೇವಲ ನಿದ್ದೆ ಸಾಲದ್ದರ ಫಲವಾಗಿರುತ್ತವೆ. ಅದನ್ನು ಸರಿಪಡಿಸದೆ ಪಾಲನೆಯ ಯಾವ ವಿಧಾನವನ್ನು ಪ್ರಯೋಗಿಸಿದರೂ ಫಲ ಕಾಣುವುದು ಕಷ್ಟ.

ಪಟ್ಟಿಯ ಹೊರಗೆ ಉಳಿಯುವುದು ಬಹಳ ದೊಡ್ಡ ಲೋಕ. ಯಾವ ಬಟ್ಟೆ ಹಾಕಿಕೊಳ್ಳಬೇಕು, ತಲೆಯನ್ನು ಹೇಗೆ ಬಾಚಿಕೊಳ್ಳಬೇಕು, ಚಿತ್ರದಲ್ಲಿ ಆಕಾಶಕ್ಕೆ ಯಾವ ಬಣ್ಣ ತುಂಬಬೇಕು, ಹೋಂವರ್ಕ್‌ನಲ್ಲಿ ಗಣಿತ ಮೊದಲೋ ಭಾಷೆ ಮೊದಲೋ, ಬಡಿಸಿದ್ದರಲ್ಲಿ ಎಷ್ಟು ತಿಂದರೆ ಹೊಟ್ಟೆ ತುಂಬಿತು, ಯಾರ ಜೊತೆ ಆಡಬೇಕು, ಅತಿಥಿಗಳ ಎದುರು ಹಾಡಬೇಕೋ ಬೇಡವೋ, ಇವೆಲ್ಲ ಮಗುವಿಗೆ ಸೇರಿದವು. ಇವುಗಳಲ್ಲಿ ನಾವು ತಲೆಹಾಕುವುದು ಹೆಚ್ಚಾಗಿ ಮಗುವಿನ ಒಳಿತಿಗಾಗಿ ಅಲ್ಲ, ನೋಡುವವರು ಏನೆಂದುಕೊಳ್ಳುತ್ತಾರೋ ಎಂಬ ನಮ್ಮ ಅಳುಕಿನಿಂದ. ದಿನಕ್ಕೆ ಎಷ್ಟು ಬಾರಿ ‘ಬೇಡ’ ಎಂದಿರಿ, ಅದರಲ್ಲಿ ಎಷ್ಟು ಆ ಚಿಕ್ಕ ಪಟ್ಟಿಗೆ ಸೇರಿದ್ದವು ಎಂದು ಸಂಜೆ ನೆನಪಿಸಿಕೊಂಡರೆ, ಬಿಡಬಹುದಾದದ್ದು ಎಷ್ಟಿದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ.

ಗಿಡವಾಗಿ ಬಗ್ಗುವ ಮಾತಿನ ಬಗ್ಗೆಯೂ ಒಂದಿಷ್ಟು ಹೇಳಬೇಕು, ಏಕೆಂದರೆ ನಿಮ್ಮ ಭಯದ ಬೇರು ಅಲ್ಲೇ ಇದೆ. ಎಳೆಯ ವಯಸ್ಸಿನಲ್ಲಿ ಕಲಿತದ್ದು ಗಟ್ಟಿಯಾಗಿ ಉಳಿಯುತ್ತದೆ ಎನ್ನುವ ಮಟ್ಟಿಗೆ ಆ ಗಾದೆ ಸರಿ. ಆದರೆ ಎಳೆಯ ಗಿಡವನ್ನು ಬಗ್ಗಿಸುತ್ತಲೇ ಇದ್ದರೆ ಅದು ಮುರಿಯುತ್ತದೆ ಎನ್ನುವುದನ್ನು ಅದನ್ನು ಬಳಸುವವರು ಮರೆಯುತ್ತಾರೆ. ಇಷ್ಟಕ್ಕೂ ಎಂಟು ವರ್ಷದ ಮಗುವಿನ ಸ್ವಭಾವ ಗಟ್ಟಿಯಾಗಿ ನಿಂತುಬಿಟ್ಟಿರುವುದಿಲ್ಲ. ಆವೇಗವನ್ನು ತಡೆಯುವ, ಮುಂದಿನದನ್ನು ಯೋಚಿಸುವ ಮಿದುಳಿನ ಮುಂಭಾಗ ಇಪ್ಪತ್ತರ ಹರೆಯದ ನಡುವಿನವರೆಗೂ ಬೆಳೆಯುತ್ತಲೇ ಇರುತ್ತದೆ. ನಿಮ್ಮ ಕೈಯಲ್ಲಿ ಇನ್ನೂ ಬಹಳ ಕಾಲವಿದೆ. ಎಲ್ಲವನ್ನೂ ಈ ವರ್ಷವೇ ಕಲಿಸಿ ಮುಗಿಸಬೇಕೆಂಬ ಅವಸರಕ್ಕೆ ಮಕ್ಕಳ ಬೆಳವಣಿಗೆಯಲ್ಲಿ ಯಾವ ಆಧಾರವೂ ಇಲ್ಲ.

ಈಗ ಬೆಳಗಿನ ಹೊತ್ತಿಗೆ ಬರೋಣ. ನೀವು ಬರೆದಿರುವ ‘ಬೇಗ, ಬೇಗ’ ಎಂಬ ಮಾತನ್ನು ಮಗುವಿನ ಕಡೆಯಿಂದ ಕೇಳಿಸಿಕೊಂಡು ನೋಡಿ. ಮಗಳು ಒಂದು ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕಿಟಕಿಯಾಚೆ ಏನನ್ನೋ ನೋಡುತ್ತ ಕುಳಿತಿದ್ದಾಳೆ. ನೀವು ಅಡುಗೆಮನೆಯಿಂದ ಕೂಗುತ್ತೀರಿ. ಅವಳು ‘ಹ್ಞೂಂ’ ಎನ್ನುತ್ತಾಳೆ, ಸಾಕ್ಸ್ ಕೈಯಲ್ಲೇ ಇರುತ್ತದೆ. ಮೂರನೆಯ ಕೂಗಿಗೆ ನಿಮ್ಮ ದನಿ ಏರುತ್ತದೆ, ಆಗ ಅವಳು ಏಳುತ್ತಾಳೆ. ಮೊದಲ ಎರಡು ಕೂಗುಗಳಿಗೆ ಬೆಲೆಯಿಲ್ಲ, ದನಿ ಏರಿದಾಗಷ್ಟೇ ಏಳಬೇಕು ಎಂದು ಅವಳು ನಿಮ್ಮಿಂದಲೇ ಕಲಿತಿದ್ದಾಳೆ. ಇದರಲ್ಲಿ ಅವಳ ಉದ್ಧಟತನವೇನೂ ಇಲ್ಲ. ಸಮಯವನ್ನು ನೆನಪಿಟ್ಟುಕೊಳ್ಳುವ ಕೆಲಸವನ್ನು ಪೂರ್ತಿಯಾಗಿ ನೀವೇ ವಹಿಸಿಕೊಂಡಿರುವುದರಿಂದ ಅವಳು ಅದನ್ನು ಮಾಡಬೇಕಾಗಿಯೇ ಇಲ್ಲ.

ಈ ಕೆಲಸವನ್ನು ಅವಳಿಗೆ ವರ್ಗಾಯಿಸಿ. ರಜೆಯ ದಿನ, ಯಾರಿಗೂ ಅವಸರವಿಲ್ಲದ ಹೊತ್ತಿನಲ್ಲಿ, ಬೆಳಿಗ್ಗೆ ಏನೇನು ಆಗಬೇಕು ಎಂಬುದನ್ನು ಅವಳಿಂದಲೇ ಬರೆಸಿ, ಅವಳಿಗೆ ಕಾಣುವ ಕಡೆ ಅಂಟಿಸಿ. ಗಡಿಯಾರದಲ್ಲಿ ಹೊರಡುವ ಹೊತ್ತನ್ನು ತೋರಿಸಿ. ಆ ಮೇಲೆ ಕೂಗುವುದನ್ನು ನಿಲ್ಲಿಸಿ, ಹತ್ತಿರ ಹೋಗಿ, ಭುಜವನ್ನು ಮುಟ್ಟಿ, ‘ಇನ್ನೇನು ಬಾಕಿ ಇದೆ?’ ಎಂದು ಒಮ್ಮೆ ಕೇಳಿ. ಆಜ್ಞೆ ಕೊಟ್ಟರೆ ಅವಳು ಕಾಯುತ್ತಾಳೆ, ಪ್ರಶ್ನೆ ಕೇಳಿದರೆ ಪಟ್ಟಿಯನ್ನು ನೋಡುತ್ತಾಳೆ. ಮೊದಲ ವಾರದಲ್ಲಿ ಒಂದು ದಿನ ನೋಟ್‌ಬುಕ್ ಮರೆತು ಹೋಗುತ್ತಾಳೆ, ಖಂಡಿತ. ಅದನ್ನು ಹಿಡಿದುಕೊಂಡು ಶಾಲೆಗೆ ಓಡಬೇಡಿ. ಸಂಜೆ ‘ನಾನು ಹೇಳಿರಲಿಲ್ಲವೇ’ ಎನ್ನಲೂ ಬೇಡಿ. ಈ ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಮರೆತದ್ದರ ಫಲವನ್ನು ಅವಳು ಈಗಾಗಲೇ ತರಗತಿಯಲ್ಲಿ ಅನುಭವಿಸಿರುತ್ತಾಳೆ, ಅದರ ಮೇಲೆ ನಿಮ್ಮ ಉಪದೇಶವೂ ಸೇರಿದರೆ ಅವಳ ಗಮನ ಮರೆತ ನೋಟ್‌ಬುಕ್‌ನಿಂದ ನಿಮ್ಮ ಮೇಲಿನ ಸಿಟ್ಟಿಗೆ ತಿರುಗುತ್ತದೆ. ‘ನಾಳೆ ಮರೆಯದಿರಲು ಏನು ಮಾಡೋಣ?’ ಎಂಬಷ್ಟು ಸಾಕು.

ಹೋಂವರ್ಕ್‌ಗೂ ಇದೇ ಅನ್ವಯಿಸುತ್ತದೆ. ಪಕ್ಕದಲ್ಲಿ ಕುಳಿತು ಪ್ರತಿ ಸಾಲನ್ನೂ ತಿದ್ದುವ ಬದಲು, ಅದೇ ಕೋಣೆಯಲ್ಲಿ ನಿಮ್ಮ ಯಾವುದಾದರೂ ಕೆಲಸ ಮಾಡಿಕೊಂಡಿರಿ. ಅವಳು ಕೇಳಿದಾಗ ಸಹಾಯ ಮಾಡಿ, ಅದೂ ಉತ್ತರ ಹೇಳಿಕೊಡುವಷ್ಟಲ್ಲ, ಮುಂದಿನ ಒಂದು ಹೆಜ್ಜೆ ಇಡುವಷ್ಟು. ಎಡವಿದಾಗ ನೆರವು ಸ್ವಲ್ಪ ಹೆಚ್ಚಬೇಕು, ಸರಿಯಾಗಿ ಮಾಡತೊಡಗಿದ ಕೂಡಲೇ ಕಡಿಮೆಯಾಗಬೇಕು. ಪ್ರೇರಣೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಅವರ ಸಿದ್ಧಾಂತದಂತೆ ಮನುಷ್ಯನಿಗೆ ಮೂರು ಮೂಲಭೂತ ಮಾನಸಿಕ ಅಗತ್ಯಗಳಿವೆ. ತನ್ನ ಕೆಲಸವನ್ನು ತಾನೇ ನಡೆಸುತ್ತಿದ್ದೇನೆ ಎನ್ನಿಸಬೇಕು, ಅದು ತನ್ನಿಂದ ಆಗುತ್ತದೆ ಎನ್ನಿಸಬೇಕು, ತನ್ನವರೊಂದಿಗೆ ನಂಟಿದೆ ಎನ್ನಿಸಬೇಕು. ಪಕ್ಕದಲ್ಲಿ ಕುಳಿತು ಗದರುವ ಒಂದು ಗಂಟೆ ಈ ಮೂರನ್ನೂ ಒಟ್ಟಿಗೇ ಕಸಿದುಕೊಳ್ಳುತ್ತದೆ. ತಪ್ಪಿರುವ ಲೆಕ್ಕವನ್ನು ಹಾಗೆಯೇ ಕಳುಹಿಸಿದರೂ ಅಡ್ಡಿಯಿಲ್ಲ; ತಿದ್ದಿ ಕಳುಹಿಸಿದ ಹೋಂವರ್ಕ್ ನೋಡಿದರೆ ಮಗುವಿಗೆ ಏನು ಅರ್ಥವಾಗಿಲ್ಲ ಎಂಬುದು ಶಿಕ್ಷಕರಿಗೆ ತಿಳಿಯುವುದೇ ಇಲ್ಲ.

ಮಗನ ಹಟದ ವಿಷಯ ಬೇರೆ. ಅಲ್ಲಿ ನಿರಾಳತೆ ಎಂದರೆ ಹೆಚ್ಚು ದೃಢವಾಗಿರುವುದು. ಅವನು ಕೇಳಿದ್ದನ್ನು ನೀವು ಮೊದಲು ನಿರಾಕರಿಸುತ್ತೀರಿ, ಅವನು ಅಳುತ್ತಾನೆ, ನೀವು ಬೈಯುತ್ತೀರಿ, ಅವನು ನೆಲಕ್ಕೆ ಬೀಳುತ್ತಾನೆ, ಹತ್ತು ನಿಮಿಷದ ನಂತರ ಕೊಡುತ್ತೀರಿ. ಅವನಿಗೆ ಇದರಿಂದ ಸಿಕ್ಕ ಪಾಠ ಹತ್ತು ನಿಮಿಷ ಅತ್ತರೆ ಸಿಗುತ್ತದೆ ಎಂಬುದು. ಒಮ್ಮೊಮ್ಮೆ ಮಾತ್ರ ಕೊಟ್ಟರೆ ಇನ್ನೂ ಕಷ್ಟ. ಕೆಲವು ಬಾರಿ ಮಾತ್ರ ಪ್ರತಿಫಲ ದೊರೆಯುವ ವರ್ತನೆ, ಪ್ರತಿ ಬಾರಿಯೂ ದೊರೆಯುವ ವರ್ತನೆಗಿಂತ ಗಟ್ಟಿಯಾಗಿ ಬೇರೂರುತ್ತದೆ ಎಂಬುದು ಬಿ. ಎಫ್. ಸ್ಕಿನ್ನರ್ ಅವರ ಕಾಲದಿಂದಲೂ ವರ್ತನಾ ವಿಜ್ಞಾನದಲ್ಲಿ ಸ್ಥಿರಪಟ್ಟ ಸಂಗತಿ. ಆದ್ದರಿಂದ ಕೊಡಬಹುದಾದದ್ದನ್ನು ಮೊದಲ ಸಲ ಕೇಳಿದಾಗಲೇ ನಗುನಗುತ್ತ ಕೊಟ್ಟುಬಿಡಿ. ಕೊಡಬಾರದ್ದನ್ನು ಮಾತ್ರ ನಿರಾಕರಿಸಿ, ಒಮ್ಮೆ ನಿರಾಕರಿಸಿದ ಮೇಲೆ ಅದಕ್ಕೆ ಬದ್ಧರಾಗಿರಿ.

ಅವನು ನೆಲಕ್ಕೆ ಬಿದ್ದಾಗ ಏನು ಮಾಡಬೇಕು? ಬಹಳ ಕಡಿಮೆ. ತಲೆಗೆ ಪೆಟ್ಟಾಗುವಂಥದ್ದು ಏನಾದರೂ ಹತ್ತಿರದಲ್ಲಿದ್ದರೆ ಸರಿಸಿ, ನೀವೂ ನೆಲದ ಮೇಲೆ ಸ್ವಲ್ಪ ದೂರದಲ್ಲಿ ಕುಳಿತುಕೊಳ್ಳಿ. ‘ನಿನಗೆ ಅದು ಬೇಕಿತ್ತು, ಸಿಗಲಿಲ್ಲ, ಕೋಪ ಬಂದಿದೆ’ ಎಂದು ಒಮ್ಮೆ ಹೇಳಿ ಸುಮ್ಮನಾಗಿ. ಆ ಹೊತ್ತಿನಲ್ಲಿ ತರ್ಕ, ಬುದ್ಧಿಮಾತು, ಬೆದರಿಕೆ ಯಾವುದೂ ಅವನ ತಲೆಗೆ ಇಳಿಯುವುದಿಲ್ಲ. ನಿಮ್ಮ ಪ್ರತಿ ವಾಕ್ಯವೂ ಅಳುವನ್ನು ಮುಂದುವರಿಸಲು ಹೊಸ ಕಾರಣವಾಗುತ್ತದೆ. ಈ ವಯಸ್ಸಿನ ರಂಪಗಳಲ್ಲಿ ಹೆಚ್ಚಿನವು ಕೆಲವೇ ನಿಮಿಷಗಳಲ್ಲಿ ತಣಿಯುತ್ತವೆ. ಮೊದಲು ಕಿರುಚಾಟ, ಒದೆತ, ಕೋಪ. ನಂತರ ಅಳು ಮೆತ್ತಗಾಗಿ ಬಿಕ್ಕುವಿಕೆಯಾಗುತ್ತದೆ, ಆಗ ಮಗು ತಾನೇ ನಿಮ್ಮ ಕಡೆ ನೋಡುತ್ತದೆ. ಎತ್ತಿಕೊಳ್ಳಬೇಕಾದದ್ದು ಆಗ. ಎತ್ತಿಕೊಂಡರೆ ಹಟ ಗೆದ್ದಂತಾಗುವುದಿಲ್ಲ, ಏಕೆಂದರೆ ಕೇಳಿದ ವಸ್ತುವನ್ನು ನೀವು ಕೊಟ್ಟಿಲ್ಲ, ಅಪ್ಪುಗೆಯನ್ನು ಕೊಟ್ಟಿದ್ದೀರಿ. ಒಂದು ಎಚ್ಚರಿಕೆ: ಇದುವರೆಗೆ ಹತ್ತು ನಿಮಿಷಕ್ಕೆ ಸಿಗುತ್ತಿದ್ದದ್ದು ಇನ್ನು ಸಿಗುವುದಿಲ್ಲ ಎಂದಾದಾಗ ಮೊದಲ ಕೆಲವು ದಿನ ಅವನ ಅಳು ಹೆಚ್ಚುತ್ತದೆ. ವಿಧಾನ ಸೋತಿದೆ ಎಂದು ಬಹುತೇಕ ಪೋಷಕರು ಕೈಬಿಡುವುದು ಆ ದಿನಗಳಲ್ಲೇ. ವಾಸ್ತವವಾಗಿ ಹಳೆಯ ಪಾಠ ಅಳಿಯತೊಡಗಿರುವುದರ ಲಕ್ಷಣ ಅದು.

ನಾಲ್ಕು ಸಂಜೆಗಳ ತರಗತಿಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಎರಡನ್ನು ಬಿಡಿಸಿ. ಯಾವ ಎರಡು ಎಂಬುದನ್ನು ಮಗಳು ನಿರ್ಧರಿಸಲಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿಯು ವಿಶ್ರಾಂತಿ, ವಿರಾಮ ಮತ್ತು ಆಟವನ್ನು ಮಗುವಿನ ಹಕ್ಕೆಂದು ಗುರುತಿಸುತ್ತದೆ. ಕಲಿಕೆಯೆಲ್ಲ ಮುಗಿದ ಮೇಲೆ ಸಮಯ ಉಳಿದರೆ ಕೊಡುವ ಬಹುಮಾನ ಎಂದು ಅದನ್ನು ಎಣಿಸುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ ಕನಿಷ್ಠ 60 ನಿಮಿಷದ ಚುರುಕಾದ ದೈಹಿಕ ಚಟುವಟಿಕೆಯನ್ನು ಸೂಚಿಸುತ್ತದೆ, ಮೈದಣಿಯೆ ಆಡಿದರೆ ಅದು ತಾನಾಗಿ ಸಿಗುತ್ತದೆ. ದೊಡ್ಡವರು ನಡೆಸದ ಆಟದಲ್ಲಿ ಮಕ್ಕಳು ನಿಯಮವನ್ನು ತಾವೇ ಮಾಡುತ್ತಾರೆ, ಅದರ ಮೇಲೆ ಜಗಳವಾಡುತ್ತಾರೆ, ಒಬ್ಬರು ಮುನಿಸಿಕೊಂಡು ಹೋದರೆ ಆಟ ನಿಲ್ಲುತ್ತದೆಂದು ರಾಜಿಯಾಗುತ್ತಾರೆ. ಈ ಕೌಶಲವನ್ನು ಕಲಿಸುವ ತರಗತಿಯನ್ನು ನಾನು ಕಂಡಿಲ್ಲ. ಕೊಂಬೆ ಹತ್ತುವುದು, ಎತ್ತರದಿಂದ ಜಿಗಿಯುವುದು, ವೇಗವಾಗಿ ಸೈಕಲ್ ಓಡಿಸುವುದು ಮುಂತಾದ ಸ್ವಲ್ಪ ಅಪಾಯದ ಆಟಗಳನ್ನು ನಾರ್ವೆಯ ಎಲ್ಲೆನ್ ಸ್ಯಾಂಡ್‌ಸೆಟರ್ ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ. ತನ್ನ ಶಕ್ತಿಯ ಎಲ್ಲೆ ಎಲ್ಲಿದೆ, ಭಯವನ್ನು ಎಷ್ಟು ತಾಳಬಲ್ಲೆ ಎಂಬುದನ್ನು ಮಗು ಅಳೆದುಕೊಳ್ಳುವುದು ಅಂಥ ಆಟಗಳಲ್ಲಿ. ಮಂಡಿ ತರಚುವುದು ಅದರ ಭಾಗ.

ಖಾಲಿ ಸಂಜೆಯಲ್ಲಿ ಮಗಳು ಬಂದು ‘ಬೇಜಾರು’ ಎಂದರೆ ಕೂಡಲೇ ಪರಿಹಾರ ಹುಡುಕಬೇಡಿ, ಮೊಬೈಲನ್ನಂತೂ ಕೈಗೆ ಕೊಡಲೇಬೇಡಿ. ಬೇಜಾರನ್ನು ನೀಗುವ ಹೊಣೆ ಅವಳದು. ಸ್ವಲ್ಪ ಹೊತ್ತು ಗೊಣಗಿದ ಮೇಲೆ ಅವಳು ಏನನ್ನಾದರೂ ಕಂಡುಕೊಳ್ಳುತ್ತಾಳೆ. ಅವಳು ಕಂಡುಕೊಂಡದ್ದಕ್ಕೆ ಸ್ಟಿಕರ್, ಬಹುಮಾನ ಎಂದು ತಗುಲಿಸಲೂ ಹೋಗಬೇಡಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಶಿಶುವಿಹಾರದ ಮಕ್ಕಳ ಮೇಲೆ ನಡೆಸಿದ ಪ್ರಸಿದ್ಧ ಪ್ರಯೋಗವೊಂದಿದೆ. ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮುಂಚೆಯೇ ಹೇಳಿ, ಹಾಗೆಯೇ ಕೊಟ್ಟರು. ಕೆಲವು ದಿನಗಳ ನಂತರ, ಯಾವ ಬಹುಮಾನವೂ ಇಲ್ಲದ ಬಿಡುವಿನ ಹೊತ್ತಿನಲ್ಲಿ ಆ ಮಕ್ಕಳು ಚಿತ್ರಕ್ಕೆ ಕೊಟ್ಟ ಸಮಯ ಉಳಿದ ಮಕ್ಕಳ ಸಮಯದ ಸುಮಾರು ಅರ್ಧದಷ್ಟಾಗಿತ್ತು. ಅನಿರೀಕ್ಷಿತವಾಗಿ ಬಹುಮಾನ ಪಡೆದವರಲ್ಲಿ ಈ ಕುಸಿತ ಕಾಣಲಿಲ್ಲ. ಇಷ್ಟಪಟ್ಟು ಮಾಡುವ ಕೆಲಸಕ್ಕೆ ಕೂಲಿ ಗೊತ್ತುಮಾಡಿದರೆ ಇಷ್ಟ ಹೋಗಿ ಕೂಲಿ ಮಾತ್ರ ಉಳಿಯುವ ಅಪಾಯವಿದೆ. ಹಲ್ಲುಜ್ಜುವುದು, ಆಟಿಕೆ ಎತ್ತಿಡುವುದು ಮುಂತಾದ, ಯಾರಿಗೂ ಸಹಜವಾಗಿ ಇಷ್ಟವಿಲ್ಲದ ಕೆಲಸಗಳಿಗೆ ಸಣ್ಣ ಪ್ರೋತ್ಸಾಹ ಕೊಟ್ಟರೆ ತೊಂದರೆಯಿಲ್ಲ.

ಇಬ್ಬರು ಮಕ್ಕಳಿಗೂ ಒಂದೇ ವಿಧಾನ ಹೊಂದಲಾರದು ಎಂಬುದನ್ನೂ ನೆನಪಿಡಿ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ 1956ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿ, ನೂರಕ್ಕೂ ಹೆಚ್ಚು ಮಕ್ಕಳನ್ನು ಶೈಶವದಿಂದ ಹಿಂಬಾಲಿಸಿದ ಅಧ್ಯಯನದಲ್ಲಿ, ಕೆಲವು ಶಿಶುಗಳು ಹೊಸದಕ್ಕೆ ಸುಲಭವಾಗಿ ಒಗ್ಗುತ್ತವೆ, ಕೆಲವು ತೀವ್ರವಾಗಿ ಪ್ರತಿಭಟಿಸುತ್ತವೆ, ಕೆಲವು ಹಿಂಜರಿದು ನಿಧಾನವಾಗಿ ಹೊಂದಿಕೊಳ್ಳುತ್ತವೆ, ಮತ್ತೆ ಎಷ್ಟೋ ಮಕ್ಕಳು ಈ ಯಾವ ಗುಂಪಿಗೂ ಪೂರ್ತಿಯಾಗಿ ಸೇರುವುದಿಲ್ಲ ಎಂದು ಕಂಡುಬಂದಿತು. ಯಾವುದೇ ಸ್ವಭಾವ ತಾನೇ ತಾನಾಗಿ ಕೆಟ್ಟದ್ದಲ್ಲ, ಆ ಸ್ವಭಾವಕ್ಕೂ ಮನೆಯ ನಿರೀಕ್ಷೆಗೂ ಹೊಂದಾಣಿಕೆ ಇದೆಯೇ ಎಂಬುದೇ ಮುಖ್ಯ ಎಂದು ಅವರು ಹೇಳಿದರು. ಸಾಕ್ಸ್ ಹಿಡಿದು ಕಿಟಕಿಯಾಚೆ ನೋಡುವ ಮಗಳಿಗೆ ಹದಿನೈದು ನಿಮಿಷ ಮುಂಚಿತವಾಗಿ ಎಬ್ಬಿಸುವುದೇ ಪರಿಹಾರವಾಗಿರಬಹುದು. ಮಗನಿಗೆ ‘ಇನ್ನು ಎರಡು ಸಲ ಜಾರಿ ಹೊರಡೋಣ’ ಎಂಬ ಮುನ್ಸೂಚನೆ ಬೇಕಾಗಬಹುದು.

ನಿಮ್ಮ ಪಶ್ಚಾತ್ತಾಪದ ಬಗ್ಗೆ. ಬ್ರಿಟನ್ನಿನ ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ಡೊನಾಲ್ಡ್ ವಿನ್ನಿಕಾಟ್ 1953ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ‘ಸಾಕಷ್ಟು ಒಳ್ಳೆಯ ತಾಯಿ’ ಎಂಬ ಕಲ್ಪನೆಯನ್ನು ಮುಂದಿಟ್ಟರು. ಕೂಸಿನ ಅಗತ್ಯಕ್ಕೆ ಮೊದಲು ಬಹುತೇಕ ಪೂರ್ಣವಾಗಿ ಒಗ್ಗಿಕೊಳ್ಳುವ ತಾಯಿ, ಅದು ತಾಳಬಲ್ಲಷ್ಟರ ಮಟ್ಟಿಗೆ ಕ್ರಮೇಣ ಕಡಿಮೆ ಒಗ್ಗಿಕೊಳ್ಳುತ್ತ ಹೋಗುತ್ತಾಳೆ. ಆ ಸಣ್ಣ ಕೊರತೆಗಳ ಮೂಲಕವೇ ಮಗು ಹೊರಗಿನ ವಾಸ್ತವವನ್ನು ಎದುರಿಸಲು ಕಲಿಯುತ್ತದೆ ಎಂಬುದು ಅವರ ವಾದ. ಎಡ್ವರ್ಡ್ ಟ್ರಾನಿಕ್ 1970ರ ದಶಕದಿಂದ ತಾಯಿ ಮತ್ತು ಕೂಸುಗಳ ಒಡನಾಟವನ್ನು ಕ್ಷಣಕ್ಷಣಕ್ಕೂ ಗಮನಿಸಿ ಕಂಡದ್ದೂ ಇದಕ್ಕೆ ಹತ್ತಿರವಾಗಿದೆ. ಚೆನ್ನಾಗಿಯೇ ಇರುವ ತಾಯಿ ಮಗುವಿನ ನಡುವೆಯೂ ಪರಸ್ಪರ ಭಾವ ತಾಳೆಯಾಗುವುದು ಸುಮಾರು ಮೂರನೇ ಒಂದು ಪಾಲು ಹೊತ್ತು ಮಾತ್ರ. ಉಳಿದ ಹೊತ್ತೆಲ್ಲ ತಾಳ ತಪ್ಪುತ್ತಿರುತ್ತದೆ, ಮತ್ತೆ ಕೂಡಿಕೊಳ್ಳುತ್ತಿರುತ್ತದೆ. ತಪ್ಪಿದ್ದು ಮತ್ತೆ ಸರಿಹೋಗುತ್ತದೆ ಎಂಬ ಅನುಭವವೇ ಮಗುವಿಗೆ ಭರವಸೆ ತರುತ್ತದೆ.

ಆದ್ದರಿಂದ ಗದರಿದ ದಿನ ರಾತ್ರಿ ಒಬ್ಬರೇ ಕುಳಿತು ಮರುಗುವ ಬದಲು, ಮಗಳು ಮಲಗುವ ಮೊದಲೇ ಅವಳ ಬಳಿ ಹೋಗಿ. ‘ಬೆಳಿಗ್ಗೆ ನಾನು ಕೂಗಾಡಿದೆ. ನನಗೆ ತಡವಾಗುತ್ತದೆಂಬ ಗಾಬರಿ ಇತ್ತು. ಕೂಗಾಡಿದ್ದು ಸರಿಯಲ್ಲ, ಕ್ಷಮಿಸು ಪುಟ್ಟಿ’ ಎನ್ನಿ. ಅಲ್ಲಿಗೆ ನಿಲ್ಲಿಸಿ. ‘ಆದರೆ ನೀನೂ ಬೇಗ ತಯಾರಾಗಬೇಕಿತ್ತು’ ಎಂದು ಮುಂದುವರಿಸಿದರೆ ಕ್ಷಮೆ ಮತ್ತೆ ಗದರಿಕೆಯಾಗುತ್ತದೆ. ಹಾಗೆಯೇ ಅತಿಯಾಗಿ ಅತ್ತು, ‘ನಾನು ಕೆಟ್ಟ ಅಮ್ಮ’ ಎಂದು ಹಲುಬಿದರೆ, ನಿಮ್ಮನ್ನು ಸಮಾಧಾನಪಡಿಸುವ ಭಾರ ಎಂಟು ವರ್ಷದ ಹುಡುಗಿಯ ಮೇಲೆ ಬೀಳುತ್ತದೆ.

ನಿಮ್ಮ ದಣಿವನ್ನು ಮಕ್ಕಳು ಗಮನಿಸುತ್ತಿಲ್ಲ ಎಂದುಕೊಳ್ಳಬೇಡಿ. ಅಮೆರಿಕದ ಎಲೆನ್ ಗ್ಯಾಲಿನ್ಸ್ಕಿ 1990ರ ದಶಕದ ಕೊನೆಯಲ್ಲಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು, ತಂದೆ ತಾಯಿಯ ಉದ್ಯೋಗ ತಮ್ಮ ಬದುಕಿನ ಮೇಲೆ ಬೀರುವ ಪ್ರಭಾವದಲ್ಲಿ ಏನಾದರೂ ಒಂದನ್ನು ಬದಲಾಯಿಸಬಹುದಾದರೆ ಯಾವುದನ್ನು ಬಯಸುತ್ತೀರಿ ಎಂದು ಕೇಳಿದರು. ಮಕ್ಕಳು ತಮ್ಮ ಜೊತೆ ಇನ್ನೂ ಹೆಚ್ಚು ಸಮಯ ಬಯಸುತ್ತಾರೆ ಎಂದು ಬಹಳಷ್ಟು ಪೋಷಕರು ಊಹಿಸಿದ್ದರು. ಮಕ್ಕಳಿಂದ ಹೆಚ್ಚಾಗಿ ಬಂದ ಉತ್ತರ, ಅಪ್ಪ ಅಮ್ಮ ಇಷ್ಟು ಒತ್ತಡದಲ್ಲಿ, ಇಷ್ಟು ದಣಿದು ಇರಬಾರದಿತ್ತು ಎಂಬುದು. ಬಿಡಿಸುವ ಎರಡು ತರಗತಿಗಳಿಂದ ಉಳಿಯುವ ಹೊತ್ತಿನಲ್ಲಿ ಒಂದು ಪಾಲನ್ನು ನೀವು ಇಟ್ಟುಕೊಳ್ಳಿ. ಕಾಲು ಚಾಚಿ ಕುಳಿತುಕೊಳ್ಳಲು, ನಿಮಗಿಷ್ಟವಾದದ್ದನ್ನು ಓದಲು, ಏನೂ ಮಾಡದಿರಲು. ಅದಕ್ಕೆ ಸಮರ್ಥನೆ ಬೇಕಾಗಿಲ್ಲ.

ಸಂತೋಷ ಎಂದರೆ ಮಗು ಸದಾ ನಗುತ್ತಿರಬೇಕು ಎಂದಲ್ಲ. ಆಟದಲ್ಲಿ ಸೋತು ಅಳುವ, ಗೆಳತಿ ಮಾತು ಬಿಟ್ಟಳೆಂದು ಬೇಸರಿಸುವ, ಅನ್ಯಾಯ ಎನ್ನಿಸಿದಾಗ ಅಮ್ಮನ ಮೇಲೆ ಸಿಟ್ಟಾಗುವ, ಮತ್ತು ಅದನ್ನೆಲ್ಲ ಮನೆಯಲ್ಲಿ ಅಂಜದೆ ತೋರಿಸುವ ಮಗು ಆರೋಗ್ಯವಾಗಿದೆ. ನನಗೆ ಹೆಚ್ಚು ಕಳವಳ ತರುವುದು ಎಂದೂ ಎದುರು ಮಾತನಾಡದ, ತಪ್ಪಾದೊಡನೆ ಮುಚ್ಚಿಡುವ, ಏನು ಕೇಳಿದರೂ ‘ನೀವು ಹೇಳಿದಂತೆ’ ಎನ್ನುವ ಮಗು. ಹಾಗೆಂದು ಎಲ್ಲವೂ ನಿರಾಳತೆಯಿಂದಲೇ ಸರಿಹೋಗುವುದಿಲ್ಲ. ನಿದ್ರೆ ಅಥವಾ ಹಸಿವು ವಾರಗಟ್ಟಲೆ ಕೆಟ್ಟರೆ, ಇಷ್ಟದ ಆಟಗಳಲ್ಲೂ ಆಸಕ್ತಿ ಹೋದರೆ, ಶಾಲೆಗೆ ಹೊರಡುವ ಹೊತ್ತಿಗೆ ಪದೇಪದೇ ಹೊಟ್ಟೆನೋವು ಬಂದರೆ, ಕಲಿತ ಮಾತು ಅಥವಾ ಅಭ್ಯಾಸಗಳು ಹಿಂದಕ್ಕೆ ಸರಿದರೆ, ರಂಪದಲ್ಲಿ ಮಗು ತನ್ನನ್ನೇ ನೋಯಿಸಿಕೊಳ್ಳತೊಡಗಿದರೆ, ಮಕ್ಕಳ ವೈದ್ಯರನ್ನು ಕಾಣಿ. ನಿಮ್ಮ ಸಿಡುಕು ಮತ್ತು ದಣಿವು ವಿಶ್ರಾಂತಿಯಿಂದಲೂ ಇಳಿಯದಿದ್ದರೆ ನಿಮಗಾಗಿಯೂ ವೈದ್ಯರನ್ನು ಕಾಣಬೇಕು.

ಕೊನೆಯದಾಗಿ, ಯಾರ ಮಾತು ಸರಿ ಎಂದು ಕೇಳಿದ್ದೀರಿ. ನಿರಾಳವಾಗಿರು ಎನ್ನುವ ನಿಮ್ಮ ಪತಿಯ ಸಲಹೆಯಲ್ಲಿ ಹುರುಳಿದೆ, ಆದರೆ ಮಕ್ಕಳು ತಾವಾಗಿಯೇ ಬೆಳೆಯುತ್ತಾರೆ ಎಂಬುದನ್ನು ನಾನು ಒಪ್ಪುವುದಿಲ್ಲ. ನೋಟ್‌ಬುಕ್, ನೀರಿನ ಬಾಟಲಿ, ಲಸಿಕೆಯ ದಿನಾಂಕ, ಶಾಲೆಯ ಸಭೆ ಎಲ್ಲವೂ ನಿಮ್ಮ ತಲೆಯಲ್ಲೇ ಇರುವಾಗ, ಪಕ್ಕದಲ್ಲಿ ನಿಂತು ನಿರಾಳವಾಗಿರು ಎನ್ನುವುದು ಸುಲಭ. ಅವರಿಗೆ ಬೆಳಗಿನ ಹೊತ್ತನ್ನೋ ಮಲಗಿಸುವ ಹೊತ್ತನ್ನೋ ಪೂರ್ತಿಯಾಗಿ ಒಪ್ಪಿಸಿ. ಅದರ ಯೋಚನೆಯೂ ನೆನಪೂ ಅವರದ್ದೇ ಆಗಿರಲಿ. ಅವರು ನಿಮ್ಮ ರೀತಿಯಲ್ಲಿ ಮಾಡುವುದಿಲ್ಲ. ಜಡೆ ಸಡಿಲವಾಗಿರುತ್ತದೆ, ಅಂಗಿಯ ಗುಂಡಿ ತಪ್ಪಿರುತ್ತದೆ, ಆಗ ನೀವು ಬಾಯಿ ಹಾಕಬಾರದು. ಹಿಡಿದುಕೊಳ್ಳಬೇಕಾದ ಆ ಚಿಕ್ಕ ಪಟ್ಟಿಯನ್ನು ಮಾತ್ರ ಇಬ್ಬರೂ ಕುಳಿತು, ಮಕ್ಕಳು ಮಲಗಿದ ಮೇಲೆ, ಒಟ್ಟಿಗೆ ಬರೆದುಕೊಳ್ಳಿ. ಉಳಿದುದರಲ್ಲಿ ಅಪ್ಪನದು ಒಂದು ರೀತಿ, ಅಮ್ಮನದು ಇನ್ನೊಂದು ರೀತಿ ಎಂಬುದಕ್ಕೆ ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಬೇಗ ಹೊಂದಿಕೊಳ್ಳುತ್ತಾರೆ.